ಮೊಲದ ನೀರು

ನಮ್ಮೂರಿನ ಪ್ರತಿ ಮನೆಯ ಹೊಸ್ತಿಲ ಪಕ್ಕದಲ್ಲೂ ಒಂದು ಬಟ್ಟಲು ಹರಳೆಣ್ಣೆ ಇರುತ್ತದೆ. ಬೇರೆ ಊರಿನಲ್ಲಿ ನೆಂಟರು ಬಂದರೆ ಕಾಲಿಗೆ ನೀರು ಕೊಡುತ್ತಾರಂತೆ, ನಮ್ಮಲ್ಲಿ ನೆಂಟರು ಹೊರಡುವಾಗ ಕೈಗೆ ಎಣ್ಣೆ ಕೊಡುತ್ತೇವೆ. ಕೊಡದಿದ್ದರೆ ಅವರಿಗೆ ಹೊರಡುವುದಕ್ಕಾಗುವುದಿಲ್ಲ. ಚರ್ಮಕ್ಕೆ ಚರ್ಮ ತಾಕಿದರೆ ಇಲ್ಲಿ ಅಂಟಿಕೊಳ್ಳುತ್ತದೆ. ಎಷ್ಟು ಹೊತ್ತು ಅಂತ ಹೇಳಲಾಗುವುದಿಲ್ಲ. ಒಂದು ಎಲೆ ಅಡಿಕೆ ಅಗಿಯುವಷ್ಟು ಹೊತ್ತೂ ಆಗಬಹುದು, ಅರ್ಧ ದಿನವೂ ಆಗಬಹುದು. ಮನಸ್ಸಿದ್ದಷ್ಟು ಅಂಟು ಎಂದು ಹಿರಿಯರು ಹೇಳುತ್ತಾರೆ. ಆದರೆ ಅದು ಪ್ರೀತಿಯ ಮನಸ್ಸೇ ಆಗಬೇಕೆಂದೇನೂ ಇಲ್ಲ. ಹಿಂದೆ ಒಂದು ಚುನಾವಣೆಯಲ್ಲಿ ಎದುರಾಳಿಗಳಿಬ್ಬರು ಕತ್ತಿನಪಟ್ಟಿಗೆ ಕೈ ಹಾಕಲು ಹೋಗಿ ಕತ್ತಿಗೇ ಹಾಕಿಬಿಟ್ಟು, ಮತ ಎಣಿಕೆ ಮುಗಿಯುವವರೆಗೂ ಒಂದೇ ಬೆಂಚಿನ ಮೇಲೆ ಅಪ್ಪಿಕೊಂಡು ಕೂತಿದ್ದರು. ಗೆದ್ದವರ ಹಾರ ಸೋತವರ ಕೊರಳಿಗೂ ಬಿತ್ತು.

ಇದಕ್ಕೆಲ್ಲ ನಾವು ಹೊಂದಿಕೊಂಡಿದ್ದೇವೆ. ಬಸ್ ಕಂಡಕ್ಟರ್ ಇಕ್ಕಳದಲ್ಲಿ ಟಿಕೆಟ್ ಕೊಡುತ್ತಾನೆ. ಶಾಲೆಯಲ್ಲಿ ಮೇಷ್ಟ್ರು ಯಾರ ಕಿವಿಯನ್ನೂ ಹಿಂಡುವುದಿಲ್ಲ, ಹಿಂಡಿದ ಒಬ್ಬರು ಆ ಹುಡುಗಿಯ ಜೊತೆಗೇ ಅವಳ ಮನೆಗೆ ಊಟಕ್ಕೆ ಹೋಗಬೇಕಾಗಿ ಬಂದಿತ್ತು. ನಮ್ಮ ಮಾತಿನಲ್ಲೂ ಇದು ಸೇರಿಕೊಂಡಿದೆ. ಕೂಸನ್ನು ‘ಎತ್ತಿಕೋ’ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ, ‘ತಗುಲಿಸಿಕೋ’ ಎನ್ನುತ್ತಾರೆ. ಕೂಸು ಹುಟ್ಟಿದ ಗಳಿಗೆಯಿಂದಲೇ ಅಂಟುತ್ತದಲ್ಲ, ಭುಜಕ್ಕೋ ಸೊಂಟಕ್ಕೋ ತಗುಲಿಸಿಕೊಂಡರಾಯಿತು, ಎರಡೂ ಕೈಯಲ್ಲಿ ರೊಟ್ಟಿ ತಟ್ಟಬಹುದು. ‘ಹಿಡಿದುಕೋ’ ಎನ್ನುವ ಮಾತು ಬಕೆಟ್ಟಿಗೆ, ಸೌಟಿಗೆ, ಛತ್ರಿಗೆ ಮಾತ್ರ.

ನಾನು ವಾರಿಜ. ಊರ ಆಸ್ಪತ್ರೆಯ ರಕ್ತ ಪರೀಕ್ಷೆಯ ಕೋಣೆ ಇಪ್ಪತ್ತೆರಡು ವರ್ಷದಿಂದ ನನ್ನದೇ. ಮೊದಲೆಲ್ಲ ನನ್ನದು ಸಕ್ಕರೆ, ಜ್ವರ, ಕಾಮಾಲೆ ಇಷ್ಟೇ ನೋಡುವ ಕೆಲಸ. ಆಮೇಲೆ ಆ ಹಲಸಿನ ಮೇಣದ ಮದುವೆ ಆಯಿತು. ನಮ್ಮಲ್ಲಿ ಧಾರೆಯ ಹೊತ್ತಿಗೆ ಗಂಡು ಹೆಣ್ಣಿನ ಕೈ ಸೇರಿಸಿ ಎಲ್ಲರೂ ಗಡಿಯಾರ ನೋಡುತ್ತ ಕೂರುತ್ತಾರೆ. ಕೈ ಬಿಡುವವರೆಗೂ ಎಲೆ ಹಾಕುವಂತಿಲ್ಲ. ಎರಡು ತಾಸು ಅಂಟಿಕೊಂಡರೆ ಬೀಗರಿಗೆ ಹೆಮ್ಮೆ, ಹಸಿದವರಿಗೆ ಸಂಕಟ. ಹೊರಗಿನಿಂದ ಬಂದಿದ್ದ ಒಬ್ಬ ಗಂಡು ಐದು ತಾಸು ಅಂಟಿಕೊಂಡ. ಊರೆಲ್ಲ ಕೊಂಡಾಡಿತು. ಎಂಟನೇ ದಿನ ಹೆಂಡತಿಯ ಒಡವೆಯ ಸಮೇತ ನಾಪತ್ತೆ. ಅಂಗೈಗೆ ಹಲಸಿನ ಮೇಣ ಮೆತ್ತಿಕೊಂಡು ಬಂದಿದ್ದ ಮಹಾರಾಯ.

ಅವತ್ತೇ ಪುರಸಭೆಯ ಅಧ್ಯಕ್ಷ ಗುರುಶಾಂತಪ್ಪನವರು ಸಭೆ ಕರೆದು ಹದಿನೇಳನೇ ನಿಯಮ ಬರೆಸಿದರು. ಇನ್ನು ಮೇಲೆ ಕೈಯನ್ನು ನಂಬುವಂತಿಲ್ಲ, ರಕ್ತ ನೋಡಬೇಕು. ರಕ್ತದಲ್ಲಿ ಅಂಟು ಇದೆಯೆಂಬ ಚೀಟಿ ಇಲ್ಲದೆ ಮದುವೆಯಿಲ್ಲ. ಅಂಟಿಲ್ಲದವರು ಊರ ಗಡಿಯೊಳಗೆ ವಾಸಿಸತಕ್ಕದ್ದಲ್ಲ. ಗುರುಶಾಂತಪ್ಪನವರು ಒಂದು ಹೇಳಿದರೆ ಮುಗಿಯಿತು, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಮೊಲದ ಮಾತು ಬಂದದ್ದು ಒಳ್ಳೆಯದೇ ಆಯಿತು, ಪರೀಕ್ಷೆಯ ಔಷಧವೂ ಮೊಲದ್ದೇ.

ನಮ್ಮ ಡಾಕ್ಟರ್ ಇಂದುಧರ್ ಅದನ್ನು ತರಿಸಿದರು. ಹೆಬ್ಬೆರಳಿನಷ್ಟು ಉದ್ದದ ಸೀಸೆ, ಒಳಗೆ ನಾಲ್ಕು ಹನಿ ನೀರಿನಂಥದ್ದು. ಹೆಸರು ಪ್ರತಿಕಾಯ. ಬಿಳಿ ರಕ್ತಕಣದ ಮೈಮೇಲೆ ಅಂಟಿನ ಪ್ರೋಟೀನು ಇರುತ್ತದೆ, ಮೊಲದ ಮೈಯಲ್ಲಿ ತಯಾರಾದ ಈ ಪ್ರತಿಕಾಯ ನೇರವಾಗಿ ಹೋಗಿ ಆ ಪ್ರೋಟೀನನ್ನೇ ಕಚ್ಚಿಕೊಳ್ಳುತ್ತದೆ, ಬೇರೆ ಯಾವುದನ್ನೂ ಮೂಸುವುದಿಲ್ಲ ಎಂದು ಡಾಕ್ಟರು ಊರವರಿಗೆ ಒಂದು ತಾಸು ವಿವರಿಸಿದರು. ಊರವರು ಅದಕ್ಕೆ ‘ಮೊಲದ ನೀರು’ ಎಂದು ಹೆಸರಿಟ್ಟು ಮನೆಗೆ ಹೋದರು. ಕೆಲಸ ಸುಲಭವೇ. ಗಾಜಿನ ಮೇಲೆ ರಕ್ತ ಸವರಿ ಒಣಗಿಸಿ ಮೊಲದ ನೀರು ಹಾಕಬೇಕು, ಕಾಯಬೇಕು, ತೊಳೆಯಬೇಕು, ಆಮೇಲೆ ಬಣ್ಣದ ಹನಿ. ಅಂಟಿದ್ದರೆ ಬಿಳಿ ಕಣಗಳ ಸುತ್ತ ಬೆಲ್ಲದ ಪಾಕದ ಹಾಗೆ ಕಂದು ಬಣ್ಣ ಕೂರುತ್ತದೆ. ಇಲ್ಲದಿದ್ದರೆ ಇಲ್ಲ.

ಆದರೆ ಒಂದೇ ಗಾಜು ನೋಡಿ ಏನೂ ಹೇಳುವಂತಿಲ್ಲ. ಪ್ರತಿಸಲವೂ ಮೂರು ಗಾಜು ಮಾಡಬೇಕು. ಒಂದು ಪರೀಕ್ಷೆಗೆ ಬಂದವರದು. ಇನ್ನೊಂದು ಅಂಟಿದೆ ಎಂದು ಖಂಡಿತ ಗೊತ್ತಿರುವವರದು, ಅದಕ್ಕೆ ನಾನು ‘ಹೌದು ಗಾಜು’ ಎನ್ನುತ್ತೇನೆ. ಮೂರನೆಯದು ಅಂಟಿಲ್ಲವೆಂದು ಖಂಡಿತ ಗೊತ್ತಿರುವವರದು, ‘ಇಲ್ಲ ಗಾಜು’. ಇಲ್ಲ ಗಾಜೂ ಕಂದಾಗಿಬಿಟ್ಟರೆ ಮೊಲದ ನೀರು ಕೆಟ್ಟಿದೆ, ಸಿಕ್ಕಿದ್ದಕ್ಕೆಲ್ಲ ಕಚ್ಚಿಕೊಳ್ಳುತ್ತಿದೆ, ಆ ದಿನದ ಪರೀಕ್ಷೆ ಸುಳ್ಳು ಎಂದರ್ಥ. ಮೊದಲು ಹೊರಗಿನಿಂದ ಹತ್ತು ಇಲ್ಲ ಗಾಜು ಬಂದಿದ್ದವು. ಹತ್ತು ಪರೀಕ್ಷೆಗೆ ಮುಗಿದವು. ಹನ್ನೊಂದನೆಯದಕ್ಕೆ ಎಲ್ಲಿಂದ ತಂದೆ ಎಂದು ಯಾರೂ ಕೇಳಲಿಲ್ಲ. ಡಾಕ್ಟರೂ ಕೇಳಲಿಲ್ಲ, ಅವರಿಗೆ ಸಂಜೆ ಬ್ಯಾಡ್ಮಿಂಟನ್ ಇರುತ್ತಿತ್ತು.

ನನ್ನ ಬೆರಳಿನಿಂದ ತಂದೆ. ನನಗೆ ಅಂಟಿಲ್ಲ.

ಹುಟ್ಟಿನಿಂದಲೇ ಇಲ್ಲ. ನನ್ನ ಹೊಕ್ಕುಳಬಳ್ಳಿ ಒಂದು ವಾರಕ್ಕೆ ಬೀಳಬೇಕಾದದ್ದು ತಿಂಗಳು ಕಳೆದರೂ ಬೀಳಲಿಲ್ಲವಂತೆ. ಗಾಯವಾದರೆ ಕೀವಾಗುವುದಿಲ್ಲ, ಬೇಗ ಮಾಯುವುದೂ ಇಲ್ಲ. ದೊಡ್ಡ ಸೋಂಕು ತಗುಲದೆ ಬದುಕಿಕೊಂಡದ್ದು ನನ್ನ ಅದೃಷ್ಟ. ನಮ್ಮಮ್ಮ ಇದನ್ನೆಲ್ಲ ಮುಚ್ಚಿಟ್ಟಳು. ನೆಂಟರಿಷ್ಟರು ಬರುವ ದಿನ ಕುಂಕುಮದ ಭರಣಿಯಲ್ಲಿಟ್ಟ ಹಲಸಿನ ಮೇಣವನ್ನು ನನ್ನ ಅಂಗೈಗೆ ತೆಳ್ಳಗೆ ಸವರುತ್ತಿದ್ದಳು. ಹಾಗಾಗಿ ಆ ಕಳ್ಳ ಗಂಡಿನ ಉಪಾಯ ಕೇಳಿ ಊರೆಲ್ಲ ಬಾಯಿಬಿಟ್ಟಾಗ ನಾನು ಮಾತ್ರ ಅವನು ಮೇಣ ದಪ್ಪಗೆ ಮೆತ್ತಿದ್ದಾನೆ, ಕಲಿತವನಲ್ಲ ಅಂದುಕೊಂಡೆ. ನಾನು ನಟನೆಯಲ್ಲಿ ಪಳಗಿದ್ದೆ. ಸೋದರತ್ತೆ ಕೈ ಹಿಡಿದರೆ “ಅಯ್ಯೋ ಬಿಡ್ತಾನೇ ಇಲ್ವಲ್ಲ ಅತ್ತೆ” ಎಂದು ಎಳೆದಾಡುತ್ತಿದ್ದೆ, ಅತ್ತೆಗೆ ಪರಮಾನಂದ. ಮದುವೆಯ ಮಾತೂ ಒಂದೆರಡು ಬಂದವು. ಚೀಟಿ ಬರೆಯುವವಳು ನಾನೇ, ನನಗೆ ನಾನೇ ಬರೆದುಕೊಳ್ಳಬಹುದಿತ್ತು. ಒಳ್ಳೆಯತನದಿಂದ ಬಿಟ್ಟೆ ಅಂತಲ್ಲ. ಬಂದ ಗಂಡುಗಳು ಅಷ್ಟೊಂದು ಸುಳ್ಳಿಗೆ ಲಾಯಕ್ಕಾಗಿರಲಿಲ್ಲ.

ಒಂದು ಮಾತು ಮಾತ್ರ ಚುಚ್ಚುತ್ತಿತ್ತು. ಅಂಟಿಲ್ಲದವರಿಗೆ ಮನಸ್ಸಿಲ್ಲ ಎನ್ನುತ್ತಾರಲ್ಲ, ಅದು. ನಮ್ಮಮ್ಮ ದಿನಕ್ಕೊಂದು ಸಲ ಬಾಗಿಲು ಹಾಕಿಕೊಂಡು ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಬೆರಳು ಮಡಿಸಿ, ಬಕೆಟ್ಟಿನ ಹಿಡಿ ಹಿಡಿಯುವ ಹಾಗೆ. ಕೊನೆಯ ಕಾಯಿಲೆಯಲ್ಲಿ ಹನ್ನೊಂದು ದಿನ ನಾನು ಅವಳ ಕೈ ಹಾಗೆಯೇ ಹಿಡಿದಿದ್ದೆ. ತಾನಾಗಿ ಅಂಟಿದ್ದಲ್ಲ, ನಾನು ಹಿಡಿದದ್ದು. ಅದಕ್ಕೆ ಮನಸ್ಸು ಬೇಕಾಗಿರಲಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹೀಗೆ ಮುನ್ನೂರ ಹನ್ನೊಂದು ಚೀಟಿ ಬರೆದದ್ದಾಯಿತು. ಹೋದ ತಿಂಗಳು ಒಂದು ಬೆಳಿಗ್ಗೆ ಗುರುಶಾಂತಪ್ಪನವರು ನನ್ನ ಕೋಣೆಗೆ ಬಂದರು. ಹಿಂದೆ ಅವರ ಮಗಳು ಕಾಂತಿಮತಿ, ಇದೇ ಊರಿನ ಗಂಡನ ಮನೆಯಿಂದ ಬಾಣಂತನಕ್ಕೆ ಬಂದವಳು. ಅವಳ ಕೈಯಲ್ಲಿ ಒಂದು ಮೊರ, ಮೊರದಲ್ಲಿ ಬಟ್ಟೆ ಸುತ್ತಿದ ಗಂಡು ಕೂಸು. ಕೂಸನ್ನು ಮೊರದಲ್ಲಿ ತರುವುದನ್ನು ನಾನು ಕಂಡಿರಲಿಲ್ಲ.

“ತಗುಲಿಸಿಕೊಂಡ್ರೆ ಜಾರ್ತಾನೆ ವಾರಿಜಕ್ಕ” ಎಂದಳು ಕಾಂತಿಮತಿ. ಕಣ್ಣು ಊದಿತ್ತು. “ಮೊನ್ನೆ ನಮ್ಮಮ್ಮ ಸೊಂಟಕ್ಕೆ ತಗುಲಿಸಿಕೊಂಡು ಅವರೆಕಾಯಿ ಸುಲೀತಿದ್ರು. ಜರ್ ಅಂತ ಜಾರಿ ಸಿಪ್ಪೆ ರಾಶಿ ಮೇಲೆ ಬಿದ್ದ. ಪುಣ್ಯಕ್ಕೆ ಏನೂ ಆಗ್ಲಿಲ್ಲ. ಇಪ್ಪತ್ನಾಲ್ಕು ದಿನ ಆಯ್ತು, ಹೊಕ್ಕುಳಬಳ್ಳಿನೂ ಬಿದ್ದಿಲ್ಲ. ಸುತ್ತ ಕೆಂಪಗಾಗಿದೆ.”

“ಏನೂ ಇಲ್ಲಮ್ಮ, ಚಳಿಗೆ ಚರ್ಮ ಒಣಗಿದೆ ಅಷ್ಟೇ” ಎಂದರು ಗುರುಶಾಂತಪ್ಪ. “ಭಾನುವಾರ ನಾಮಕರಣ. ನೂರಾರು ಜನ ತಗುಲಿಸಿಕೊಳ್ಳೋರು. ಅದಕ್ಕೆ ಮೊದ್ಲು ನೀನೊಂದು ಚೀಟಿ ಬರ್ದುಬಿಡು, ಅಂಟಿದೆ ಅಂತ. ಆಮೇಲೆ ಜಾರಿದ್ರೂ ಎಣ್ಣೆ ಜಾಸ್ತಿ ಆಯ್ತು ಅನ್ಬೋದು.”

ನಾನು ಕೂಸಿನ ಹಿಮ್ಮಡಿಯಿಂದ ರಕ್ತ ತೆಗೆದು ಮಧ್ಯಾಹ್ನದವರೆಗೆ ಮೂರು ಗಾಜು ಮಾಡಿದೆ. ಹೌದು ಗಾಜು ಕಂದು. ಇಲ್ಲ ಗಾಜು ಸ್ವಚ್ಛ. ಕೂಸಿನದೂ ಸ್ವಚ್ಛ. ಆದರೆ ಎಷ್ಟೊಂದು ಬಿಳಿ ಕಣಗಳು! ಜಾತ್ರೆಯ ಬಸ್ಸಿನ ಹಾಗೆ ರಕ್ತದ ತುಂಬ ಅವೇ. ಡಾಕ್ಟರು ನೋಡಿ ಅವತ್ತು ಬ್ಯಾಡ್ಮಿಂಟನ್ನಿಗೆ ಹೋಗಲಿಲ್ಲ. “ಹೊಕ್ಕುಳಲ್ಲಿ ಸೋಂಕಿದೆ, ಅದಕ್ಕೆ ಇವೆಲ್ಲ ಹೊರಟಿವೆ. ಆದರೆ ಅಂಟಿಲ್ಲ, ರಕ್ತನಾಳದ ಗೋಡೆ ಹಿಡಿದು ಇಳಿಯೋಕೆ ಆಗ್ತಿಲ್ಲ. ಸ್ಟಾಪ್ ಬಂದ್ರೂ ಇಳಿಯದೆ ಸುತ್ತುತ್ತಾ ಇವೆ. ಈಗಲೇ ಔಷಧಿ ಶುರು ಮಾಡಿ, ದೊಡ್ಡ ಆಸ್ಪತ್ರೆಗೆ ತೋರಿಸಿದ್ರೆ ಮಗು ಉಳಿಯುತ್ತೆ. ಮುಚ್ಚಿಟ್ರೆ ಒಂದು ಸಣ್ಣ ಹುಣ್ಣು ಸಾಕು” ಎಂದರು.

ಗುರುಶಾಂತಪ್ಪನವರ ಪಾಡು ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವರ ಹಾಗಾಯಿತು. ಔಷಧಿ ಕೊಡಿಸಿದರೆ ಅಂಟಿಲ್ಲವೆಂದು ಒಪ್ಪಿಕೊಂಡ ಹಾಗೆ. ಒಪ್ಪಿಕೊಂಡರೆ ತಾವೇ ಬರೆಸಿದ ನಿಯಮದ ಪ್ರಕಾರ ಮೊಮ್ಮಗ ಊರು ಬಿಡಬೇಕು, ಅವನ ಹಿಂದೆ ಮಗಳು.

“ನಿನ್ನ ಮೊಲದ ನೀರು ಹಳಸಿದೆ” ಎಂದರು ಕೊನೆಗೆ. “ನಮ್ಮನೇಲಿ ಅಂಟಿಲ್ಲದೋರು ಹುಟ್ಟೋದುಂಟಾ? ಔಷಧಿನೂ ಬೇಡ, ಏನೂ ಬೇಡ.”

ಕಾಂತಿಮತಿ ಮೊರವನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಚೀಟಿ ಬರೆದರೆ ಕೂಸು ಊರಲ್ಲಿ ಉಳಿಯುತ್ತದೆ, ಆದರೆ ಉಳಿಯುವುದಿಲ್ಲ. ನಿಜ ಬರೆದರೆ ಹಟಮಾರಿ ಅಜ್ಜ ನಂಬುವುದಿಲ್ಲ. ನನಗೆ ಆಗ ತುಂಟ ಬುದ್ಧಿ ಬಂತು. ಬೇರೆ ಬುದ್ಧಿ ಬಂದಿದ್ದರೆ ಅದನ್ನೇ ಬಳಸುತ್ತಿದ್ದೆ.

“ಇರಬಹುದು ಯಜಮಾನ್ರೇ, ನೀರು ಕೆಟ್ಟಿದ್ರೂ ಕೆಟ್ಟಿರಬಹುದು” ಎಂದೆ. “ನಾಳೆನೇ ಸಭೆ ಕರೀರಿ. ಎಲ್ಲರ ಎದುರಿಗೆ ಪರೀಕ್ಷೆ ಮಾಡೋಣ. ಯಾರ ಕೂಸು ಏನು ಅಂತ ನಾನು ಬಾಯಿ ಬಿಡಲ್ಲ. ನೀರು ಕೆಟ್ಟಿದೆ ಅಂತಾದ್ರೆ ನಿಮ್ಮ ಮಾತೇ ಗೆಲ್ಲುತ್ತೆ.”

ಅವರ ಮುಖ ಅರಳಿತು. “ಕೆಟ್ಟಿಲ್ಲ ಅಂತಾದ್ರೆ?” ಎಂದು ಕೇಳಿದವಳು ಕಾಂತಿಮತಿ.

“ಔಷಧಿ ಶುರು ಮಾಡಿಸ್ತೀನಿ ಅಂತ ನಿಮ್ಮಪ್ಪಾಜಿ ಮಾತು ಕೊಡ್ತಾರೆ” ಎಂದೆ ನಾನು.

ಗೆಲ್ಲುವ ಖಾತರಿಯಿದ್ದವರು ಮಾತು ಕೊಡಲು ಹಿಂಜರಿಯುವುದಿಲ್ಲ. ಗುರುಶಾಂತಪ್ಪ ಕೊಟ್ಟುಬಿಟ್ಟರು.

ಮರುದಿನ ಪುರಸಭೆಯ ಸಭಾಂಗಣ ಕಿಕ್ಕಿರಿದಿತ್ತು. ಅಕ್ಕಪಕ್ಕದವರು ತಾಕದಿರಲೆಂದು ಎಲ್ಲರೂ ತುಂಬುತೋಳಿನ ಬಟ್ಟೆ ತೊಟ್ಟು, ಮೊಣಕೈ ಒಳಗೆಳೆದುಕೊಂಡು ಕೂತಿದ್ದರು. ನಾನು ಸೂಕ್ಷ್ಮದರ್ಶಕವನ್ನು ಮೇಜಿನ ಮೇಲಿಟ್ಟೆ. ಗುರುಶಾಂತಪ್ಪ ಎದ್ದು ನಿಂತು, “ಮೊಲದ ನೀರು ಹಳಸಿದೆ ಅಂತ ಯಾರೋ ದೂರು ಕೊಟ್ಟಿದ್ದಾರೆ. ಯಾರು ಅಂತ ಕೇಳಬಾರದು. ನಮ್ಮ ಮನೆಯವರಂತೂ ಅಲ್ಲ” ಎಂದರು. ಕುಂಬಳಕಾಯಿ ಕಳ್ಳ ಎಂದು ಯಾರೂ ಇನ್ನೂ ಕೂಗಿರಲಿಲ್ಲ, ಇವರು ಆಗಲೇ ಹೆಗಲು ಮುಟ್ಟಿ ನೋಡಿಕೊಂಡರು.

ನಾನು ಹೌದು ಗಾಜು ತೋರಿಸಿದೆ, ಇಲ್ಲ ಗಾಜು ತೋರಿಸಿದೆ. ಜನ ಸಾಲಾಗಿ ಬಂದು ಬಗ್ಗಿ ನೋಡಿದರು. ಅರ್ಧ ಜನ ನೋಡಿದ್ದು ತಮ್ಮ ಕಣ್ಣಿನ ರೆಪ್ಪೆಯನ್ನೇ, ಆದರೂ “ಹೂಂ, ಹೂಂ” ಎಂದು ತಲೆಯಾಡಿಸಿದರು. ಡಾಕ್ಟರು ನೋಡಿ, “ಇಲ್ಲ ಗಾಜು ಸ್ವಚ್ಛವಾಗಿದೆ. ನೀರು ಕೆಟ್ಟಿಲ್ಲ” ಎಂದರು.

“ಅದು ಹೇಗೆ?” ಎಂದರು ಗುರುಶಾಂತಪ್ಪ. “ಅದು ಖಂಡಿತ ಅಂಟಿಲ್ಲದೋರ ರಕ್ತ ಅಂತ ಯಾವನಿಗೆ ಗೊತ್ತು? ಯಾರದ್ದು ಅದು? ಕರ್ಕೊಂಡು ಬಾ, ನೋಡೋಣ!”

ಇದಕ್ಕೇ ನಾನು ಕಾಯುತ್ತಿದ್ದದ್ದು. ಆದರೂ ನಲವತ್ತಾರು ವರ್ಷ ಮುಚ್ಚಿಟ್ಟದ್ದು. ಕೈಗೆ ಅವತ್ತು ಮೇಣ ಹಚ್ಚಿರಲಿಲ್ಲ. ಸೋಪು ಹಾಕಿ ಎರಡು ಸಲ ತೊಳೆದು, ಒರೆಸಿಕೊಂಡು ಬಂದಿದ್ದೆ.

“ಕೈ ಕೊಡಿ ಯಜಮಾನ್ರೇ” ಎಂದೆ.

ಅವರು ಕೈ ಚಾಚಿದರು. ನಾನು ಅಂಗೈಗೆ ಅಂಗೈ ಕೊಟ್ಟೆ, ಎಲ್ಲರೂ ನೋಡುವ ಹಾಗೆ ಹತ್ತು ಎಣಿಸಿದೆ, ತೆಗೆದೆ. ಸುಮ್ಮನೆ ಬಂತು. ಮತ್ತೆ ಕೊಟ್ಟೆ, ಮತ್ತೆ ತೆಗೆದೆ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಸೋದರತ್ತೆ, “ಹಂಗಾರೆ ಇಷ್ಟು ವರ್ಷ ನನ್ ಕೈ ಹಿಡ್ಕೊಂಡು ಎಳೆದಾಡ್ತಿದ್ದದ್ದು?” ಎಂದಳು.

“ನಾಟಕ ಅತ್ತೆ. ಆದ್ರೆ ನಿಮ್ಮನ್ನ ಕಂಡ್ರೆ ಇಷ್ಟ ಇದ್ದದ್ದು ನಾಟಕ ಅಲ್ಲ.”

ಗುರುಶಾಂತಪ್ಪ ಚೇತರಿಸಿಕೊಂಡರು. “ಹದಿನೇಳನೇ ನಿಯಮ! ಅಂಟಿಲ್ಲದೋರು ಊರಲ್ಲಿ ಇರೋ ಹಾಗಿಲ್ಲ. ಇವತ್ತೇ ಗಂಟು ಕಟ್ಟು.”

“ಕಟ್ತೀನಿ” ಎಂದೆ. “ಆದ್ರೆ ಒಂದು ವಿಷಯ. ನಾನು ಊರಲ್ಲಿ ಇರಬಾರದವಳು ಅಂದ್ರೆ ನನ್ನ ರಕ್ತದ ಗಾಜೂ ಇರಬಾರದ್ದು. ಇಲ್ಲ ಗಾಜು ಇಲ್ದೆ ಮಾಡಿದ ಪರೀಕ್ಷೆ ಪರೀಕ್ಷೆನೇ ಅಲ್ಲ ಅಂತ ಡಾಕ್ಟರೇ ಹೇಳ್ತಾರೆ. ಮೊದಲ ಹತ್ತು ಬಿಟ್ಟು ಮುನ್ನೂರ ಒಂದು ಚೀಟಿ ರದ್ದು. ಚೀಟಿ ಇಲ್ದೆ ಮದುವೆ ಇಲ್ಲ ಅಂತ ನಿಮ್ಮ ನಿಯಮನೇ ಹೇಳುತ್ತೆ.”

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು. ಹಿಂದಿನ ಸಾಲಿನಲ್ಲಿ ಹಿಟ್ಟಿನ ಗಿರಣಿಯ ಮರಿಯಪ್ಪ ಎದ್ದು, ಮುಖದಲ್ಲಿ ಹಬ್ಬದ ಕಳೆ ಹೊತ್ತು, “ಹಂಗಾರೆ ನನ್ ಮದುವೆನೂ...” ಎನ್ನುವಷ್ಟರಲ್ಲಿ ಅವನ ಹೆಂಡತಿಯ ಕೈ ಅವನ ಕಿವಿಗೆ ಬಿತ್ತು. ಬಿದ್ದದ್ದು ಅಂಟಿತು. ಆ ಕಿವಿ ಬಿಡಿಸಲು ಸಂಜೆಯವರೆಗೆ ಎಣ್ಣೆ ಹಾಕಬೇಕಾಯಿತು. ಮಿಕ್ಕವರೆಲ್ಲ ಒಮ್ಮೆಗೇ ಕೂಗತೊಡಗಿದರು. ಮಕ್ಕಳಾದವರ ಗತಿ ಏನು, ಮುಂದಿನ ವಾರ ಮದುವೆ ಇಟ್ಟುಕೊಂಡವರ ಗತಿ ಏನು, ಉಡುಗೊರೆ ವಾಪಸು ಕೊಡಬೇಕಾ? ಗಲಾಟೆಯ ನಡುವೆ ನನ್ನ ಅತ್ತೆಯ ಗಂಟಲೇ ಎಲ್ಲಕ್ಕಿಂತ ಜೋರು: “ನಮ್ಮ ವಾರಿಜ ಎಲ್ಲೂ ಹೋಗಲ್ಲ! ನಿಯಮ ಹೋಗ್ಲಿ!”

ಗುರುಶಾಂತಪ್ಪ ಹಣೆ ಒರೆಸಿಕೊಂಡರು. ಗುಮಾಸ್ತರಿಂದ ನಿಯಮದ ಪುಸ್ತಕ ತರಿಸಿ, ತಾವೇ ಲೇಖನಿ ಹಿಡಿದು, ಕೊನೆಯ ಸಾಲನ್ನು ಹೊಡೆದು ಹಾಕಿದರು. ಅದರ ಕೆಳಗೆ ಬರೆದು ಓದಿದರು: “ಊರಿಗೆ ಒಬ್ಬರು ಅಂಟಿಲ್ಲದವರು ಇರತಕ್ಕದ್ದು.” ಜನ ಚಪ್ಪಾಳೆ ತಟ್ಟಿದರು, ತಮ್ಮ ತಮ್ಮ ಕೈ ಅಂಟಿಕೊಳ್ಳದಂತೆ ಬೆರಳ ತುದಿಯಿಂದ.

ಅವರು ಪುಸ್ತಕ ಮುಚ್ಚಲಿಲ್ಲ. ಲೇಖನಿ ಇನ್ನೂ ಕೈಯಲ್ಲೇ ಇತ್ತು. ಕೂಸಿನ ಬಗ್ಗೆ ನಾನು ಬಾಯಿ ಬಿಡುವಂತಿರಲಿಲ್ಲ, ಮಾತು ಕೊಟ್ಟಿದ್ದೆನಲ್ಲ. ಅವರು ಒಮ್ಮೆ ಮಗಳ ಕಡೆ ನೋಡಿ, ಬಗ್ಗಿ ‘ಒಬ್ಬರು’ ಎಂಬುದನ್ನು ಹೊಡೆದು ‘ಇಬ್ಬರು’ ಎಂದು ಬರೆದರು.

“ಇಬ್ಬರು ಯಾಕೆ?” ಎಂದು ಯಾರೋ ಕೇಳಿದರು. ಬಾಗಿಲ ಬಳಿ ನಿಂತಿದ್ದ ಕಾಂತಿಮತಿ ಮೊರ ಹೊತ್ತು ಜನರ ನಡುವೆ ನಡೆದು ಬಂದಳು. “ಇನ್ನೊಬ್ಬ ನನ್ನ ಮಗ” ಎಂದಳು. “ಔಷಧಿ ಇವತ್ತೇ ಶುರು. ಅಪ್ಪಾಜಿ ಮಾತು ಕೊಟ್ಟಿದ್ದಾರೆ.” ಆಮೇಲೆ ಮೊರವನ್ನು ಮೇಜಿನ ಮೇಲಿಟ್ಟು, ತಡೆದಿದ್ದ ಅಳುವನ್ನೆಲ್ಲ ಒಟ್ಟಿಗೇ ಅತ್ತಳು.

ಅವಳು ಅತ್ತದ್ದು ಕೇಳಿ ಕೂಸೂ ಅತ್ತಿತು. ಅಜ್ಜ ಅಭ್ಯಾಸಬಲದಿಂದ ಅದನ್ನು ಭುಜಕ್ಕೆ ತಗುಲಿಸಿಕೊಳ್ಳಲು ಹೋದರು. ಅದು ಜಾರಿತು, ನಾನು ಕೆಳಗಿನಿಂದ ಕೈ ಕೊಟ್ಟೆ. ಅಷ್ಟು ಜನ ತಾಯಂದಿರಿದ್ದ ಆ ಸಭೆಯಲ್ಲಿ ಕೂಸನ್ನು ಹಿಡಿಯಲು ಬರುತ್ತಿದ್ದವಳು ಮಕ್ಕಳಿಲ್ಲದ ನಾನೊಬ್ಬಳೇ.

“ಹಿಂಗಲ್ಲ ಯಜಮಾನ್ರೇ. ಕೂತ್ಕೊಳ್ಳಿ. ಎಡಗೈ ಮಡಿಸಿ. ತಲೆ ಇಲ್ಲಿ ಬರಲಿ. ಬಲಗೈ ಕೆಳಗೆ. ಬೆರಳು ಬಿಗಿ ಮಾಡಿ, ಇಷ್ಟು ಸಾಕು. ಹೂಂ, ಈಗ ಹಿಡ್ಕೊಳ್ಳಿ.”

“ಹಿಡ್ಕೊಳ್ಳೋದಾ? ಬಕೆಟ್ ಹಿಡ್ಕೊಂಡಂಗಾ?”

“ಹಂಗೇ. ಆದ್ರೆ ಬಕೆಟ್ ಭಾರ ಆದ್ರೆ ಕೆಳಗಿಡ್ತೀರಿ.”

ಅವರು ಕೂತರು. ಮೈಯೆಲ್ಲ ಮರದ ಹಾಗೆ ಬಿಗಿದುಕೊಂಡಿತ್ತು. ಕೂಸು ಒಂದೆರಡು ಸಲ ಬಿಕ್ಕಿ, ಅವರ ಅಂಗಿಯ ಗುಂಡಿ ನೋಡುತ್ತಾ ಸುಮ್ಮನಾಯಿತು. ಜನ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತು, ಅವರ ತೋಳು ಮಡಿಸಿದ ರೀತಿ ನೋಡಿ, ತಮ್ಮ ಖಾಲಿ ತೋಳನ್ನೂ ಹಾಗೆಯೇ ಮಡಿಸಿ ನೋಡಿಕೊಂಡರು. ನಾನು ಗಾಜುಗಳನ್ನು ಪೆಟ್ಟಿಗೆಗೆ ತುಂಬಿ, ಸೂಕ್ಷ್ಮದರ್ಶಕಕ್ಕೆ ಬಟ್ಟೆ ಸುತ್ತಿ, ಹೊರಡುವ ಹೊತ್ತಿಗೆ ಗುರುಶಾಂತಪ್ಪ ಮೆಲ್ಲಗೆ ಕರೆದರು.

“ವಾರಿಜಮ್ಮ, ಕೈ ನೋಯ್ತಾ ಇದೆ.”

“ಬಿಡಬೇಕು ಅನ್ಸಿದ್ರೆ ಬಿಡಬಹುದು ಯಜಮಾನ್ರೇ. ಅಂಟಿಲ್ವಲ್ಲ, ಎಣ್ಣೆ ಏನೂ ಬೇಕಾಗಿಲ್ಲ.”

ಅವರು ಕೂಸನ್ನು ನೋಡಿದರು, ನನ್ನನ್ನು ನೋಡಿದರು. ಬೆರಳು ಇನ್ನೊಂದಿಷ್ಟು ಬಿಗಿ ಮಾಡಿದರು.